ಬೆಳಕು ದಾಟಲಿ, ತಂತಿ ದಾಟದಿರಲಿ

(ಭಾನುವಾರ ನಡೆದ ಯುವಕ-ಯುವತಿಯರ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಎಂಜಿನಿಯರ್ ಅಲ್ಲ. ಓದಿದ್ದು ಪಿಯುಸಿ. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಈ ಥರದ ಪತ್ರಿಕೆ, ಇಷ್ಟೇ ನನ್ನ ಲೋಕ. ಇಂಥವನು ಎಲೆಕ್ಟ್ರಾನಿಕ್ಸ್ ಬಗ್ಗೆ ಮಾತಾಡಲು ಬಂದನಲ್ಲ ಎಂದು ಕೆಲವರು ಮುಸಿಮುಸಿ ನಗುತ್ತಿದ್ದೀರಿ. ನಗಿ, ಬೇಜಾರಿಲ್ಲ! ಆದರೆ ಪ್ರೆಸ್ಸಿನವನಿಗೆ ಮೋಟಾರು, ಕಾಂಟ್ಯಾಕ್ಟರು, ಫ್ಯೂಸು, ಸುಟ್ಟ ವೈರಿನ ವಾಸನೆ ಇವೆಲ್ಲ ದಿನನಿತ್ಯದ ಸಂಗಾತಿಗಳು. ಕರೆಂಟಿನ ಜೊತೆ ಬದುಕುವವನಿಗೆ ಕರೆಂಟಿನ ಭಯವೂ ಗೊತ್ತು, ಮರ್ಯಾದೆಯೂ ಗೊತ್ತು. ಆ ಧೈರ್ಯದ ಮೇಲೆ ನಿಮ್ಮ ಮುಂದೆ ನಿಂತಿದ್ದೇನೆ.

ಇವತ್ತು ನಿಮ್ಮ ಕೈಯಲ್ಲಿ ಆರ್ಡುಯಿನೋ ಬೋರ್ಡ್ ಇದೆ, ಇಎಸ್‌ಪಿ 32 ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಚೀಲ ತುಂಬ ಬಿಡಿಭಾಗ ಸಿಗುತ್ತವೆ. ಮೊದಲ ದಿನ ಎಲ್ಲರೂ ಮಾಡುವುದು ಒಂದೇ: ಒಂದು ಪುಟಾಣಿ ಎಲ್‌ಇಡಿಯನ್ನು ಮಿಣಮಿಣ ಮಿನುಗಿಸುವುದು. ಬಹಳ ಸಂತೋಷ. ಆದರೆ ಎರಡನೇ ವಾರಕ್ಕೇ ನಿಮ್ಮ ಕಣ್ಣು ಮನೆಯ ಟ್ಯೂಬ್‌ಲೈಟಿನ ಮೇಲೆ, ನೀರೆತ್ತುವ ಮೋಟಾರಿನ ಮೇಲೆ ಬೀಳುತ್ತದೆ. "ಇದನ್ನೂ ಬೋರ್ಡಿನಿಂದಲೇ ಆನ್ ಮಾಡಿದರೆ?" ಅಲ್ಲಿ ನನಗೆ ಎದೆ ಝಲ್ ಎನ್ನುತ್ತದೆ. ಈ ಕಡೆ 5 ವೋಲ್ಟ್. ಆ ಕಡೆ 230 ವೋಲ್ಟ್. ನಡುವೆ ಒಂದು ಕಂದಕ ಇದೆ. ಆ ಕಂದಕವನ್ನು ಮುಚ್ಚದೆ, ಸುದ್ದಿಯನ್ನು ಮಾತ್ರ ಆಚೆ ದಾಟಿಸುವ ನಾಲ್ಕು ಕಾಲಿನ ಒಂದು ಚಿಕ್ಕ ವಸ್ತುವಿದೆ. ಅದರ ಹೆಸರು ಆಪ್ಟೋಕಪ್ಲರ್. ಅಂಗಡಿಯವರ ಬಾಯಲ್ಲಿ ಬರೀ 'ಆಪ್ಟೋ'. ಬೆಲೆ ಒಂದು ಹೋಟೆಲ್ ಕಾಫಿಗಿಂತ ಕಡಿಮೆ.

ಎಲ್‌ಇಡಿಗೆ ಇಷ್ಟೆಲ್ಲ ಯಾಕೆ?

ಆಪ್ಟೋಕಪ್ಲರ್ ಮೂಲಕ ಎಲ್‌ಇಡಿ ಹೊತ್ತಿಸೋಣ ಎಂದರೆ ಜಾಣ ಹುಡುಗರು ತಕ್ಷಣ ಕೇಳುತ್ತಾರೆ: "ಅಣ್ಣಾ, ಎಲ್‌ಇಡಿಗೆ ಒಂದು ರೆಸಿಸ್ಟರ್ ಸಾಕಲ್ಲ? ನೇರವಾಗಿ ಬೋರ್ಡಿಗೇ ಕೊಟ್ಟರೆ ಹೊತ್ತುತ್ತದಲ್ಲ? ನಡುವೆ ಇದ್ಯಾಕೆ?"

ಪ್ರಶ್ನೆ ಸರಿಯಾಗಿದೆ. ಎಲ್‌ಇಡಿಗೆ ಆಪ್ಟೋ ಬೇಕಿಲ್ಲ. ಆದರೆ ಈಜು ಕಲಿಯುವವನನ್ನು ಮೊದಲ ದಿನವೇ ತುಂಬಿದ ಹೊಳೆಗೆ ತಳ್ಳುತ್ತಾರೆಯೇ? ಮೊಣಕಾಲುದ್ದ ನೀರಿನಲ್ಲಿ ಕೈಕಾಲು ಬಡಿಯುವುದನ್ನು ಕಲಿಸುತ್ತಾರೆ. ಇಲ್ಲಿ ಎಲ್‌ಇಡಿ ಆ ಮೊಣಕಾಲುದ್ದದ ನೀರು. ನಾಳೆ ಅದೇ ಜಾಗದಲ್ಲಿ ಮೋಟಾರು ಇರುತ್ತದೆ, ಫ್ಯಾಕ್ಟರಿಯ ಮಷಿನ್ನು ಇರುತ್ತದೆ. ಇವತ್ತು ಎರಡು ಬ್ಯಾಟರಿ ಇಟ್ಟುಕೊಂಡು, ಯಾರಿಗೂ ಶಾಕ್ ಹೊಡೆಯದ ಹಾಗೆ, ಆ ಕಂದಕ ದಾಟಿಸುವುದನ್ನು ಕಲಿಯೋಣ.

ಹೊಟ್ಟೆಯೊಳಗೆ ಏನಿದೆ?

ಪಿಸಿ 817 ಎಂಬ ನಂಬರಿನ ಆಪ್ಟೋ ಎಲ್ಲ ಕಡೆ ಸಿಗುತ್ತದೆ. ಅದನ್ನೇ ಹಿಡಿದು ಮಾತಾಡೋಣ. ಕಪ್ಪು ಬಣ್ಣದ, ಬೆರಳ ಉಗುರಿಗಿಂತ ಚಿಕ್ಕದಾದ ಡಬ್ಬಿ. ಎಡಕ್ಕೆ ಎರಡು ಕಾಲು, ಬಲಕ್ಕೆ ಎರಡು ಕಾಲು. ಎಡಗಡೆಯ ಕಾಲುಗಳ ಒಳಗೆ ಒಂದು ಎಲ್‌ಇಡಿ ಕೂತಿದೆ. ಅದು ಕೊಡುವುದು ಇನ್‌ಫ್ರಾರೆಡ್ ಬೆಳಕು, ಟಿವಿ ರಿಮೋಟಿನ ಮುಂದೆ ಬರುವಂಥದ್ದೇ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಬಲಗಡೆ ಒಂದು ಫೋಟೋ ಟ್ರಾನ್ಸಿಸ್ಟರ್ ಕೂತಿದೆ. ಅದು ಬೆಳಕು ಬಿದ್ದರೆ ಕರೆಂಟನ್ನು ಹರಿಯಬಿಡುತ್ತದೆ, ಬೆಳಕು ಹೋದರೆ ಬಾಗಿಲು ಹಾಕಿಕೊಳ್ಳುತ್ತದೆ. ಇಬ್ಬರ ನಡುವೆ ತಂತಿ ಇಲ್ಲ. ಬೆಳಕು ಬಿಡುವ, ಕರೆಂಟು ಬಿಡದ ತೆಳುವಾದ ಪದರ ಮಾತ್ರ.

ಪ್ರೆಸ್ಸಿನವನಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಆಫ್‌ಸೆಟ್ ಪ್ಲೇಟ್ ಮಾಡುವಾಗ ಫಿಲ್ಮಿನ ಮೇಲೆ ಜೋರು ಬೆಳಕು ಬಿಡುತ್ತಿದ್ದೆವು. ಫಿಲ್ಮಿನಲ್ಲಿದ್ದ ಅಕ್ಷರ ಪ್ಲೇಟಿಗೆ ದಾಟುತ್ತಿತ್ತು. ಫಿಲ್ಮಿನ ಮಸಿ ಒಂದು ಚೂರೂ ಪ್ಲೇಟಿಗೆ ಹೋಗುತ್ತಿರಲಿಲ್ಲ, ದಾಟಿದ್ದು ಸುದ್ದಿ ಮಾತ್ರ! ಈಗ ಕಂಪ್ಯೂಟರಿನಿಂದ ನೇರ ಪ್ಲೇಟ್ ಮಾಡುವ ಸಿಟಿಪಿ ಬಂದಿದೆ. ಅಲ್ಲೂ ಬರೆಯುವುದು ಲೇಸರ್ ಬೆಳಕೇ. ಆಪ್ಟೋ ಮಾಡುವುದೂ ಇಷ್ಟೇ.

ಈ ಬೆಳಕಿನ ಕಥೆ ತೀರ ಹಳೆಯದೂ ಅಲ್ಲ. 1961ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಬಯಾರ್ಡ್ ಮತ್ತು ಪಿಟ್‌ಮನ್, ಗ್ಯಾಲಿಯಂ ಆರ್ಸನೈಡ್ ಎಂಬ ವಸ್ತುವಿನಿಂದ ಇನ್‌ಫ್ರಾರೆಡ್ ಬೆಳಕು ಹೊರಡುವುದನ್ನು ಕಂಡುಕೊಂಡರು. 1962ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದರು. ಈ ಇಬ್ಬರು ಅಣ್ಣ-ತಮ್ಮಂದಿರನ್ನೂ ಇವತ್ತು ನಮ್ಮ ಒಂದೇ ಬ್ರೆಡ್‌ಬೋರ್ಡಿನ ಮೇಲೆ ಕೂರಿಸೋಣ: ಕಾಣದವನು ಡಬ್ಬಿಯೊಳಗೆ, ಕಾಣುವವನು ಹೊರಗೆ.

ಪಿಸಿ 817 ತಯಾರಕರು ಕೊಡುವ ಭರವಸೆ ಏನು ಗೊತ್ತೇ? ಎಡಕ್ಕೂ ಬಲಕ್ಕೂ ನಡುವೆ 5000 ವೋಲ್ಟ್ ಎಸಿಯನ್ನು ಒಂದು ನಿಮಿಷ ಇಟ್ಟು ನೋಡುವ ಪರೀಕ್ಷೆಯಲ್ಲಿ ಅದು ತಡೆದು ನಿಲ್ಲಬೇಕು. ಕಾಫಿಗಿಂತ ಕಡಿಮೆ ಬೆಲೆಯ ವಸ್ತುವಿಗೆ ಎಂಥ ತಾಕತ್ತು ನೋಡಿ!

ಈಗ ಕೈ ಹಚ್ಚಿ

ಸಾಮಾನಿನ ಪಟ್ಟಿ ಬರೆದುಕೊಳ್ಳಿ. ಪಿಸಿ 817 ಒಂದು. ಕೆಂಪು ಎಲ್‌ಇಡಿ ಒಂದು. 330 ಓಮ್ ರೆಸಿಸ್ಟರ್ ಒಂದು, ಪಟ್ಟಿಗಳ ಬಣ್ಣ ಕಿತ್ತಳೆ, ಕಿತ್ತಳೆ, ಕಂದು. 1.5 ಕಿಲೋ ಓಮ್ ರೆಸಿಸ್ಟರ್ ಒಂದು, ಬಣ್ಣ ಕಂದು, ಹಸಿರು, ಕೆಂಪು. ಮೂರು ಪೆನ್ಸಿಲ್ ಸೆಲ್ಲು ಹಿಡಿಯುವ ಡಬ್ಬಿ. ಒಂದು 9 ವೋಲ್ಟಿನ ಚೌಕ ಬ್ಯಾಟರಿ. ಬ್ರೆಡ್‌ಬೋರ್ಡ್, ನಾಲ್ಕಾರು ವೈರು. ಜೊತೆಗೆ ಒಂದು ಮಲ್ಟಿಮೀಟರ್ ಇರಲೇಬೇಕು. ಅದು ಯಾಕೆಂದು ಆಮೇಲೆ ಹೇಳುತ್ತೇನೆ.

ಬ್ರೆಡ್‌ಬೋರ್ಡಿನ ನಡುವೆ ಉದ್ದಕ್ಕೂ ಒಂದು ಗಾಡಿ ಇರುತ್ತದೆ. ಆಪ್ಟೋವನ್ನು ಅದರ ಮೇಲೆ ಕೂರಿಸಿ. ಎರಡು ಕಾಲು ಈಚೆ ದಡ, ಎರಡು ಕಾಲು ಆಚೆ ದಡ. ಡಬ್ಬಿಯ ಮೇಲೆ ಒಂದು ಚುಕ್ಕಿ ಇದೆ, ಅದರ ಪಕ್ಕದ ಕಾಲು 1. ಚುಕ್ಕಿ ಎಡಗಡೆ ಮೇಲೆ ಬರುವ ಹಾಗೆ ಹಿಡಿದರೆ, ಎಡಗಡೆ ಮೇಲಿನದು 1, ಅದರ ಕೆಳಗಿನದು 2. ಬಲಗಡೆ ಕೆಳಗಿನದು 3, ಅದರ ಮೇಲಿನದು 4. ಗಡಿಯಾರ ತಿರುಗುವುದಕ್ಕೆ ಎದುರಾಗಿ ಎಣಿಸಬೇಕು.

ಮೊದಲು ಎಡಗಡೆಯ ಸಂಸಾರ. ಮೂರು ಸೆಲ್ಲಿನ ಪ್ಲಸ್ಸಿನಿಂದ 330 ಓಮ್ ರೆಸಿಸ್ಟರ್, ಅಲ್ಲಿಂದ 1ನೇ ಕಾಲು. 2ನೇ ಕಾಲಿನಿಂದ ಸೆಲ್ಲಿನ ಮೈನಸ್. ಅಷ್ಟೇ.

ಲೆಕ್ಕ ನೋಡಿ. ಮೂರು ಸೆಲ್ಲಿಗೆ 4.5 ವೋಲ್ಟ್. ಒಳಗಿನ ಎಲ್‌ಇಡಿ ತನಗೆಂದು 1.2 ವೋಲ್ಟಿನಷ್ಟು ಇಟ್ಟುಕೊಳ್ಳುತ್ತದೆ. ಉಳಿದದ್ದು 3.3. ಅದನ್ನು 330ರಿಂದ ಭಾಗಿಸಿದರೆ 0.01 ಆಂಪಿಯರ್, ಅಂದರೆ 10 ಮಿಲಿ ಆಂಪಿಯರ್. ಈ ಎಲ್‌ಇಡಿ ತಡೆಯುವ ಮಿತಿ 50 ಮಿಲಿ ಆಂಪಿಯರ್. ನಾವು ಬಹಳ ಕೆಳಗಿದ್ದೇವೆ. ರೆಸಿಸ್ಟರ್ ಇಲ್ಲದೆ ನೇರ ಕೊಟ್ಟರೆ? ಹೊರಗಿನ ಎಲ್‌ಇಡಿಯಾದರೆ ಫಕ್ಕನೆ ಉರಿದು ಕಣ್ಣಿಗೆ ಕಾಣುವ ಹಾಗೆ ಸಾಯುತ್ತದೆ. ಇದು ಒಳಗೇ ಸದ್ದಿಲ್ಲದೆ ಸಾಯುತ್ತದೆ. ನೀವು ಅರ್ಧ ದಿನ ತಪ್ಪು ಹುಡುಕುತ್ತ ಕೂರುತ್ತೀರಿ.

ಈಗ ಬಲಗಡೆಯ ಸಂಸಾರ. 9 ವೋಲ್ಟ್ ಬ್ಯಾಟರಿಯ ಪ್ಲಸ್ಸಿನಿಂದ 1.5 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಕೆಂಪು ಎಲ್‌ಇಡಿಯ ಉದ್ದದ ಕಾಲು. ಗಿಡ್ಡ ಕಾಲಿನಿಂದ ಆಪ್ಟೋದ 4ನೇ ಕಾಲು. 3ನೇ ಕಾಲಿನಿಂದ ಬ್ಯಾಟರಿಯ ಮೈನಸ್. ಎಡಗಡೆ ಸೆಲ್ಲು ಕೊಡಿ, ಕೆಂಪು ಎಲ್‌ಇಡಿ ಹೊತ್ತುತ್ತದೆ. ಸೆಲ್ಲು ತೆಗೆಯಿರಿ, ಆರುತ್ತದೆ. ಹೊತ್ತದಿದ್ದರೆ ಗಾಬರಿ ಬೇಡ. 1 ಮತ್ತು 2 ಅದಲುಬದಲಾಗಿರಬಹುದು. 4.5 ವೋಲ್ಟಿಗೆ ಅದು ಕೆಡುವುದಿಲ್ಲ. ತಿರುಗುಮುರುಗಾಗಿ ತಡೆಯುವ ಮಿತಿ 6 ವೋಲ್ಟ್. ಅದನ್ನು ಮೀರಿದ ಸಪ್ಲೈ ಕೊಡುವಾಗ ಮಾತ್ರ ಎಚ್ಚರ.

ಹೋದದ್ದೆಷ್ಟು, ಬಂದದ್ದೆಷ್ಟು?

ಬಲಗಡೆ 1.5 ಕಿಲೋ ಓಮ್ ಎಂದು ಯಾಕೆ ಹೇಳಿದೆ? ಇಲ್ಲೊಂದು ಗುಟ್ಟಿದೆ. ಎಡಗಡೆ ನೀವು ಕೊಟ್ಟ ಕರೆಂಟಿಗೆ ಪ್ರತಿಯಾಗಿ ಬಲಗಡೆ ಎಷ್ಟು ಕರೆಂಟು ಹರಿಯಬಲ್ಲದು ಎಂಬುದಕ್ಕೆ ಒಂದು ಅನುಪಾತ ಇದೆ. ಇಂಗ್ಲಿಷಿನ ಮೂರು ಅಕ್ಷರದಲ್ಲಿ ಅದನ್ನು ಸಿಟಿಆರ್ ಎನ್ನುತ್ತಾರೆ. ಪಿಸಿ 817ರಲ್ಲಿ ಇದು ಶೇಕಡ 50ರಿಂದ 600ರವರೆಗೆ ಎಲ್ಲಿ ಬೇಕಾದರೂ ಇರಬಹುದು! ನಂಬರಿನ ಕೊನೆಯಲ್ಲಿ 'ಎ' ಇದ್ದರೆ 80ರಿಂದ 160, 'ಬಿ' ಇದ್ದರೆ 130ರಿಂದ 260, 'ಸಿ' ಇದ್ದರೆ 200ರಿಂದ 400, 'ಡಿ' ಇದ್ದರೆ 300ರಿಂದ 600. ಅಕ್ಷರವೇ ಇಲ್ಲದ್ದು ಸಿಕ್ಕರೆ? 50 ಎಂದೇ ಹಿಡಿಯಿರಿ.

ನಾವು ಕೊಟ್ಟದ್ದು 10 ಮಿಲಿ ಆಂಪಿಯರ್. ಶೇಕಡ 50 ಎಂದರೆ ಬಲಗಡೆ 5 ಮಿಲಿ ಆಂಪಿಯರ್ ಗ್ಯಾರಂಟಿ. ಈಗ ಬಲಗಡೆ ಬೇಕಾದದ್ದೆಷ್ಟು? 9 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ 2 ವೋಲ್ಟ್ ತಿನ್ನುತ್ತದೆ, ಟ್ರಾನ್ಸಿಸ್ಟರ್ 0.2ರಷ್ಟು ತಿನ್ನುತ್ತದೆ. ಉಳಿದ 6.8 ವೋಲ್ಟನ್ನು 1500ರಿಂದ ಭಾಗಿಸಿದರೆ 4.5 ಮಿಲಿ ಆಂಪಿಯರ್. ಐದರೊಳಗೆ ಬಂತು. ಸಂತೆಯಲ್ಲಿ ನಿಮ್ಮ ಕೈಗೆ ಎಷ್ಟೇ ಬಡಪಾಯಿ ಆಪ್ಟೋ ಸಿಕ್ಕರೂ ಸರ್ಕಿಟ್ ಕೆಲಸ ಮಾಡುತ್ತದೆ. ಆ ಜಾಗದಲ್ಲಿ 330 ಓಮ್ ಹಾಕಿದ್ದರೆ? 20 ಮಿಲಿ ಆಂಪಿಯರ್ ಬೇಕಾಗುತ್ತಿತ್ತು. ಗೆಳೆಯನ ಬೋರ್ಡಿನಲ್ಲಿ ಧಗಧಗ, ನಿಮ್ಮ ಬೋರ್ಡಿನಲ್ಲಿ ಮಂಕು ದೀಪ. ಇಬ್ಬರೂ ಹಾಕಿದ್ದು ಅದೇ ಪಿಸಿ 817, ಆದರೂ ಹೀಗೆ!

ಇನ್ನೊಂದು ಮಾತು. ಒಳಗಿನ ಎಲ್‌ಇಡಿಗೂ ವಯಸ್ಸಾಗುತ್ತದೆ. ವರ್ಷಗಳು ಉರುಳಿದಂತೆ ಅದರ ಬೆಳಕು ಮಂಕಾಗುತ್ತದೆ, ಅನುಪಾತ ಇಳಿಯುತ್ತದೆ. ಹೆಚ್ಚು ಕರೆಂಟು ಕುಡಿಸಿದಷ್ಟೂ ಬೇಗ ಮುದಿಯಾಗುತ್ತದೆ. ವರ್ಷಗಟ್ಟಲೆ ದುಡಿಯಬೇಕಾದ ಸರ್ಕಿಟಿನಲ್ಲಿ ಇಷ್ಟು ಬಿಗಿ ಲೆಕ್ಕ ಹಾಕಬೇಡಿ, ಕೈ ಸಡಿಲ ಬಿಡಿ.

ಇದೆಲ್ಲ ಸರಿಹೋದ ಮೇಲೆ ಮೂರು ಸೆಲ್ಲಿನ ಜಾಗಕ್ಕೆ ಆರ್ಡುಯಿನೋ ಊನೋದ ಒಂದು ಪಿನ್ನು ಮತ್ತು ಅದರ ಗ್ರೌಂಡ್ ತಂದು ಕೊಡಿ. 5 ವೋಲ್ಟಿಗೆ ಅದೇ 330 ಓಮಿನಲ್ಲಿ 11.5 ಮಿಲಿ ಆಂಪಿಯರ್ ಹರಿಯುತ್ತದೆ. ಆ ಪಿನ್ನು 20 ಮಿಲಿ ಆಂಪಿಯರ್ ಆರಾಮಾಗಿ ಕೊಡುತ್ತದೆ. ಮೊದಲ ದಿನ ಮಿನುಗಿಸಿದ ಅದೇ ಪ್ರೋಗ್ರಾಂ ಹಾಕಿ. ಆಚೆ ದಡದ ಎಲ್‌ಇಡಿ ಮಿನುಗುತ್ತದೆ. ಬೋರ್ಡಿಗೂ ಅದಕ್ಕೂ ನಡುವೆ ಒಂದು ಎಳೆ ತಂತಿಯೂ ಇಲ್ಲ.

ಬೇಲಿ ಕಟ್ಟಿ ಗೇಟು ತೆರೆದಿಟ್ಟರೆ?

ಈಗ ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ಎಲ್ಲ ಬ್ಯಾಟರಿ ಬಿಚ್ಚಿ, ಬೋರ್ಡನ್ನೂ ಕಂಪ್ಯೂಟರಿನಿಂದ ತೆಗೆಯಿರಿ. ಮೀಟರನ್ನು ಬೀಪ್ ಬರುವ ಜಾಗಕ್ಕೆ ತಿರುಗಿಸಿ. ಒಂದು ಮೊನೆ ಎಡಗಡೆಯ ಮೈನಸ್ಸಿಗೆ, ಇನ್ನೊಂದು ಬಲಗಡೆಯ ಮೈನಸ್ಸಿಗೆ. ಬೀಪ್ ಬರಬಾರದು. ಎಡಗಡೆಯ ಮೈನಸ್ಸಿಗೂ ಬಲಗಡೆಯ ಪ್ಲಸ್ಸಿಗೂ ಹಿಡಿಯಿರಿ. ಆಗಲೂ ಬರಬಾರದು. ಈ ಪರೀಕ್ಷೆಗೆಂದೇ ಮೀಟರ್ ತರಲು ಹೇಳಿದ್ದು.

ಯಾಕೆಂದರೆ ಹತ್ತು ಜನರಲ್ಲಿ ಯಾರಾದರೂ ಒಬ್ಬರು "ಗ್ರೌಂಡುಗಳನ್ನೆಲ್ಲ ಒಂದು ಮಾಡಬೇಕು" ಎಂದು ಎಲ್ಲೋ ಕೇಳಿರುತ್ತಾರೆ. ಬೇರೆ ಸರ್ಕಿಟುಗಳಲ್ಲಿ ಅದು ನಿಜ. ಅಭ್ಯಾಸಬಲದಿಂದ ಇಲ್ಲೂ ಎಡದ ಮೈನಸ್ಸಿನಿಂದ ಬಲದ ಮೈನಸ್ಸಿಗೆ ಒಂದು ವೈರು ಎಳೆದುಬಿಡುತ್ತಾರೆ. ಎಲ್‌ಇಡಿ ಆಗಲೂ ಹೊತ್ತುತ್ತದೆ! ಅದೇ ಮೋಸ. ಎಲ್‌ಇಡಿ ಹೊತ್ತಿತಲ್ಲ, ಎಲ್ಲ ಸರಿ ಎಂದು ನಂಬುತ್ತೀರಿ. ಆದರೆ 5000 ವೋಲ್ಟಿನ ಬೇಲಿಗೆ ಆ ಒಂದು ವೈರು ದೊಡ್ಡ ಗೇಟು ತೆರೆದಿಟ್ಟಿದೆ. ಎರಡೂ ಕಡೆಗೆ ಒಂದೇ ಅಡಾಪ್ಟರ್ ಕೊಡುವುದೂ ಅಷ್ಟೇ. ಬೇರೆ ಬೇರೆ ಸಪ್ಲೈ ಇದ್ದರೆ ಮಾತ್ರ ಆಪ್ಟೋಗೆ ಅರ್ಥ.

ಅಂಗಡಿಯಲ್ಲಿ ಸಿಗುವ ರಿಲೇ ಮಾಡ್ಯೂಲುಗಳನ್ನು ನೋಡಿದ್ದೀರಿ. ಅದರಲ್ಲಿ ಆಪ್ಟೋ ಇರುತ್ತದೆ. ಹಲವು ಮಾಡ್ಯೂಲುಗಳಲ್ಲಿ 'ಜೆಡಿ-ವಿಸಿಸಿ', 'ವಿಸಿಸಿ' ಎಂದು ಎರಡು ಪಿನ್ನು, ಅವುಗಳನ್ನು ಜೋಡಿಸುವ ಚಿಕ್ಕ ಜಂಪರ್ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ರಿಲೇಯ ಕಾಯಿಲ್ಲಿಗೂ ನಿಮ್ಮ ಬೋರ್ಡಿಗೂ ಒಂದೇ ಸಪ್ಲೈ. ಮೇನ್ಸ್ ಕರೆಂಟನ್ನು ರಿಲೇಯ ಒಳಗಿನ ಕಾಂಟ್ಯಾಕ್ಟು ದೂರ ಇಟ್ಟಿರುತ್ತದೆ, ನಿಜ. ಆದರೆ ಕಾಯಿಲ್ಲಿನ ಗಲಾಟೆ ಬೋರ್ಡಿಗೆ ಬರದಂತೆ ತಡೆಯಲಿ ಎಂದು ಕೊಟ್ಟ ಆಪ್ಟೋ ಇದ್ದೂ ಇಲ್ಲದ ಹಾಗೆ. ಜಂಪರ್ ತೆಗೆದು, ಕಾಯಿಲ್ಲಿಗೆ ಬೇರೆ ಸಪ್ಲೈ ಕೊಟ್ಟು, ಎರಡೂ ಗ್ರೌಂಡುಗಳನ್ನು ಬೇರೆಯಾಗಿ ಇಟ್ಟಾಗಲೇ ನೀವು ಕೊಟ್ಟ ದುಡ್ಡಿಗೆ ನ್ಯಾಯ.

ನಮ್ಮ ಸುತ್ತಲೇ ಇದೆ

ಇದು ಬರೀ ಹವ್ಯಾಸದ ಆಟ ಎಂದುಕೊಳ್ಳಬೇಡಿ. ಮೊಬೈಲ್ ಚಾರ್ಜರು ಕೆಟ್ಟಾಗ ಬಿಚ್ಚಿದವರು ನೋಡಿರಬಹುದು. ಹಲವು ಚಾರ್ಜರುಗಳಲ್ಲಿ ಇದೇ ನಾಲ್ಕು ಕಾಲಿನ ಡಬ್ಬಿ ಇರುತ್ತದೆ. ಅದರ ಒಂದು ಕಡೆ ಮೇನ್ಸ್, ಇನ್ನೊಂದು ಕಡೆ ನಿಮ್ಮ ಮೊಬೈಲಿಗೆ ಹೋಗುವ 5 ವೋಲ್ಟ್. "ವೋಲ್ಟೇಜ್ ಸರಿಯಾಗಿದೆ, ಇಷ್ಟು ಸಾಕು" ಎಂಬ ಸುದ್ದಿಯನ್ನು ಮೇನ್ಸ್ ಕಡೆಗೆ ಬೆಳಕಿನಲ್ಲಿ ಹೇಳಿ ಕಳಿಸುತ್ತದೆ. ಒಳ್ಳೆಯ ಚಾರ್ಜರುಗಳಲ್ಲಿ ಆ ಡಬ್ಬಿಯ ಕೆಳಗೆ ಬೋರ್ಡನ್ನೇ ಸೀಳಿರುವುದೂ ಉಂಟು. ಧೂಳು, ತೇವ ಸೇರಿ ಮೇಲ್ಮೈಯಲ್ಲಿ ಕರೆಂಟು ಹರಿದಾಡದಿರಲಿ ಎಂದು. ದಿನವೂ ಆ ವೈರನ್ನು ಹಿಡಿದುಕೊಂಡೇ ಫೋನಿನಲ್ಲಿ ಹರಟೆ ಹೊಡೆಯುತ್ತೀರಿ. ನಿಮ್ಮ ಕಿವಿಗೂ 230 ವೋಲ್ಟಿಗೂ ನಡುವೆ ನಿಂತ ಕಾವಲುಗಾರರಲ್ಲಿ ಇವನೂ ಒಬ್ಬ. ಇನ್ನು ಮೇಲೆ ರಸ್ತೆಬದಿಯ ಹೆಸರಿಲ್ಲದ ಚಾರ್ಜರ್ ಕೊಳ್ಳುವಾಗ ಇದನ್ನು ನೆನೆಸಿಕೊಳ್ಳಿ.

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಗೆಳೆಯರಿಗೆ ಮಿಡಿ ಕೇಬಲ್ ಗೊತ್ತು. 1983ರಲ್ಲಿ ಬಂದ ಆ ಪದ್ಧತಿಯಲ್ಲಿ, ಸುದ್ದಿ ಒಳಬರುವ ಕಡೆ ಆಪ್ಟೋಕಪ್ಲರ್ ಇರಲೇಬೇಕು ಎಂದು ನಿಯಮದಲ್ಲೇ ಬರೆದರು. ಕೇಬಲ್ಲಿನಲ್ಲಿ ಹರಿಯುವುದು 5 ಮಿಲಿ ಆಂಪಿಯರ್. ಒಂದು ವಾದ್ಯದ ಗ್ರೌಂಡ್ ಇನ್ನೊಂದಕ್ಕೆ ತಗಲಿ 'ಗುಂಯ್' ಎನ್ನುವ ಸದ್ದು ಸ್ಪೀಕರಿಗೆ ಬರದಿರಲಿ ಎಂಬುದು ಉದ್ದೇಶ.

ಫ್ಯಾಕ್ಟರಿಗಳಲ್ಲಿ ಮಷಿನ್ನು ನಡೆಸುವ ಪಿಎಲ್‌ಸಿ ಎಂಬ ಪೆಟ್ಟಿಗೆಗೆ 24 ವೋಲ್ಟಿನ ಸುದ್ದಿಗಳು ಒಳಗೆ ಹೋಗುವುದೂ ಸಾಮಾನ್ಯವಾಗಿ ಆಪ್ಟೋ ದಾಟಿಯೇ. ಐಟಿಐ, ಡಿಪ್ಲೊಮಾ ಮುಗಿಸಿ ಪೀಣ್ಯದ ಕಡೆ ಕೆಲಸ ಹುಡುಕುವ ತಮ್ಮಂದಿರೇ, ಇದನ್ನು ಕಲಿತರೆ ಅಲ್ಲಿ ಬಳಕೆಗೆ ಬರುತ್ತದೆ.

ಪ್ರೆಸ್ಸಿನ ಲೆಕ್ಕ ತಪ್ಪಿದ ಕಥೆ

ನಮ್ಮ ಪ್ರೆಸ್ಸಿನದೇ ಒಂದು ಉದಾಹರಣೆ ಕೊಡುತ್ತೇನೆ. ಆಫ್‌ಸೆಟ್ ಮಷಿನ್ನಿಗೆ ಹಾಳೆ ಎಣಿಸುವ ಬೋರ್ಡೊಂದನ್ನು ಪರಿಚಯದ ಹುಡುಗನೊಬ್ಬ ಮಾಡಿಕೊಟ್ಟ. ಗಂಟೆಗೆ 8000 ಹಾಳೆ ಓಡಿದರೂ ಸೆಕೆಂಡಿಗೆ ಎರಡು ಚಿಲ್ಲರೆ ಎಣಿಕೆ, ಬೋರ್ಡಿಗೆ ಅದು ಲೆಕ್ಕಕ್ಕೇ ಇಲ್ಲ. ಮೇಜಿನ ಮೇಲೆ ಚೆನ್ನಾಗಿ ಎಣಿಸಿತು. ಮಷಿನ್ನಿಗೆ ಕಟ್ಟಿದ ಮೇಲೆ ಶುರುವಾಯಿತು ರಗಳೆ. ಮೋಟಾರು ನಿಲ್ಲಿಸಿದರೆ ಸಾಕು, ಕಾಂಟ್ಯಾಕ್ಟರ್ 'ಟಕ್' ಎಂದ ಕ್ಷಣವೇ ಎಣಿಕೆ ಸೊನ್ನೆಗೆ ಬರುತ್ತಿತ್ತು. ಕೆಲವು ಸಲ ಹತ್ತಿಪ್ಪತ್ತು ಹೆಚ್ಚಿಗೆ ತೋರಿಸುತ್ತಿತ್ತು. ಗಿರಾಕಿಗೆ ಐದು ಸಾವಿರ ಕರಪತ್ರ ಎಂದು ಬಿಲ್ ಮಾಡಿ ಐವತ್ತು ಕಡಿಮೆ ಕೊಟ್ಟರೆ ನಮ್ಮ ಮರ್ಯಾದೆ ಏನಾಗಬೇಕು?

ಕಾರಣ ಇಷ್ಟೇ. ಕಾಂಟ್ಯಾಕ್ಟರಿನ ಕಾಯಿಲ್ಲಿಗೆ ಕರೆಂಟು ಥಟ್ಟನೆ ನಿಂತಾಗ ಅದು ಸುಮ್ಮನೆ ಬಿಡುವುದಿಲ್ಲ. ಓಡುವ ಬಸ್ಸಿಗೆ ಒಮ್ಮೆಗೇ ಬ್ರೇಕು ಹಾಕಿದರೆ ನಿಂತವರೆಲ್ಲ ಮುಂದಕ್ಕೆ ಬೀಳುವ ಹಾಗೆ, ವೋಲ್ಟೇಜ್ ಒಂದು ಕ್ಷಣ ನೆಗೆಯುತ್ತದೆ. ಆ ಏಟು ಸೆನ್ಸರಿನ ವೈರು, ಒಂದಾಗಿದ್ದ ಗ್ರೌಂಡು ಹಿಡಿದು ಬೋರ್ಡಿನ ಮಿದುಳಿಗೆ ತಾಗುತ್ತಿತ್ತು.

ಹುಡುಗ ಚುರುಕು, ತಾನೇ ಪರಿಹಾರ ಹುಡುಕಿದ. ಮಷಿನ್ನಿನ 24 ವೋಲ್ಟ್ ಸೆನ್ಸರಿನಿಂದ ಬರುವ ವೈರನ್ನು ರೆಸಿಸ್ಟರ್ ಮೂಲಕ ಆಪ್ಟೋದ 1ಕ್ಕೆ ಕೊಟ್ಟ. 2ನ್ನು ಮಷಿನ್ನಿನ 24 ವೋಲ್ಟಿನ ಮೈನಸ್ಸಿಗೆ ಕೊಟ್ಟ. ಆಚೆ ದಡದಲ್ಲಿ 4ನೇ ಕಾಲು ಬೋರ್ಡಿನ ಪಿನ್ನಿಗೆ, ಅದೇ ಪಿನ್ನಿನಿಂದ 10 ಕಿಲೋ ಓಮ್ ಬೋರ್ಡಿನ 5 ವೋಲ್ಟಿಗೆ. 3ನೇ ಕಾಲು ಬೋರ್ಡಿನ ಗ್ರೌಂಡಿಗೆ. ಹಾಳೆ ಬಂದಾಗ ಪಿನ್ನು ಕೆಳಗಿಳಿಯುತ್ತದೆ, ಹೋದಾಗ ಮೇಲೇಳುತ್ತದೆ. ತಿರುವುಮುರುವು ಎಂದು ಪ್ರೋಗ್ರಾಮಿಗೆ ಹೇಳಿದರಾಯಿತು.

ರೆಸಿಸ್ಟರ್ ಆರಿಸಿದ ಜಾಣತನ ನೋಡಿ. 2.2 ಕಿಲೋ ಹಾಕಿದ್ದರೆ 10 ಮಿಲಿ ಆಂಪಿಯರ್ ಚಿಲ್ಲರೆ ಹರಿದು, ರೆಸಿಸ್ಟರ್ ಕಾಲು ವ್ಯಾಟಿನ ಹತ್ತಿರ ಹತ್ತಿರ ಬಿಸಿಯಾಗುತ್ತಿತ್ತು. ಅಂಗಡಿಯ ಮಾಮೂಲಿ ರೆಸಿಸ್ಟರಿನ ತಾಕತ್ತೇ ಕಾಲು ವ್ಯಾಟ್. ಅದಕ್ಕೇ 4.7 ಕಿಲೋ ಹಾಕಿದ. ಸುಮಾರು 5 ಮಿಲಿ ಆಂಪಿಯರ್, ಬಿಸಿ ಅರ್ಧಕ್ಕಿಂತ ಕಡಿಮೆ. ಆಚೆ ದಡದಲ್ಲಿ ಬೇಕಾದದ್ದು ಅರ್ಧ ಮಿಲಿ ಆಂಪಿಯರ್ ಮಾತ್ರ. ಆಪ್ಟೋ ಮುದಿಯಾದರೂ ಚಿಂತೆಯಿಲ್ಲ. ಜೊತೆಗೆ ಬೋರ್ಡಿಗೆ ಬೇರೆ ಅಡಾಪ್ಟರ್ ಕೊಟ್ಟ, ಸೆನ್ಸರಿನ ವೈರನ್ನು ಮೋಟಾರಿನ ವೈರಿನಿಂದ ದೂರ ಎಳೆದ. ಈ ಮೂರೂ ಸೇರಿ ಕೆಲಸ ಮಾಡಿದವು. ಎಣಿಕೆ ಅಲುಗಲಿಲ್ಲ.

ಇಲ್ಲಿಗೆ ನಿಲ್ಲಿ!

ಇಷ್ಟು ಕಲಿತ ಉತ್ಸಾಹದಲ್ಲಿ ಯಾರೂ ಪಿಸಿ 817ರ ಕಾಲಿಗೆ ಮೇನ್ಸ್ ವೈರು ಚುಚ್ಚಬೇಡಿ. ಕೈ ಮುಗಿದು ಹೇಳುತ್ತೇನೆ. 5000 ವೋಲ್ಟ್ ತಡೆಯುವುದು ಎಡಕ್ಕೂ ಬಲಕ್ಕೂ ನಡುವಿನ ಗೋಡೆ. ಬಲಗಡೆಯ ಟ್ರಾನ್ಸಿಸ್ಟರ್ ತಡೆಯುವುದು ಬರೀ 35 ವೋಲ್ಟ್, ಕೆಲವು ಹೊಸ ಮಾದರಿಗಳಲ್ಲಿ 80. ಮನೆಯ 230 ವೋಲ್ಟ್ ತನ್ನ ಅಲೆಯ ತುದಿಯಲ್ಲಿ 325ಕ್ಕೆ ಏರುತ್ತದೆ. ಟ್ರಾನ್ಸಿಸ್ಟರ್ ಪಟ್ ಎಂದು ಹೋಗುತ್ತದೆ. ಮೇನ್ಸಿನ ಬಲ್ಬಿಗೆ ಎಂಒಸಿ 3041ರಂಥ ಬೇರೆ ಆಪ್ಟೋ, ಜೊತೆಗೆ ಟ್ರಯಾಕ್ ಎಂಬುದು ಬೇಕು. ಅದು ಬ್ರೆಡ್‌ಬೋರ್ಡಿನ ಮೇಲೆ ಮಾಡುವ ಕೆಲಸವಲ್ಲ. ಅಲ್ಲಿ ತೂತಿಗೂ ತೂತಿಗೂ ನಡುವಿನ ಅಂತರ 2.54 ಮಿಲಿಮೀಟರ್. ಒಳಗೆ ಬರಿಯ ತಗಡು. ಡಬ್ಬಿಯ ಗೋಡೆ ಎಷ್ಟು ಗಟ್ಟಿಯಾಗಿದ್ದರೇನು, ಅದನ್ನು ಕೂರಿಸಿದ ನೆಲವೇ ಸಡಿಲವಾದರೆ? ಮುಚ್ಚಿದ ಪೆಟ್ಟಿಗೆಯ ರೆಡಿಮೇಡ್ ರಿಲೇ ಕೊಳ್ಳಿ. ಮೇನ್ಸ್ ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ.

ಕೊನೆಯದಾಗಿ ಒಂದು ಲೆಕ್ಕ. ನಮ್ಮ ಆಪ್ಟೋದ ಒಳಗೆ ಕಣ್ಣಿಗೂ ಕಾಣದ ಬೆಳಕು ಕೊಟ್ಟದ್ದು 10 ಮಿಲಿ ಆಂಪಿಯರ್. ಮನೆಯ ಮೈನ್ ಬೋರ್ಡಿನಲ್ಲಿ ಶಾಕ್ ತಡೆಯಲು ಹಾಕುವ ಆರ್‌ಸಿಸಿಬಿ ಸ್ವಿಚ್ಚನ್ನು ನೋಡಿ. ಅದರ ಮೇಲೆ 30 ಮಿಲಿ ಆಂಪಿಯರ್ ಎಂದು ಬರೆದಿರುತ್ತದೆ. ಅಷ್ಟು ಕರೆಂಟು ದಾರಿ ತಪ್ಪಿದರೆ ಅದು ಕ್ಷಣಾರ್ಧದಲ್ಲಿ ಲೈನು ಕಡಿಯುತ್ತದೆ. ಯಾಕೆ ಅಷ್ಟು ಅವಸರ? ಕೆಲವೇ ಹತ್ತು ಮಿಲಿ ಆಂಪಿಯರ್ ಎದೆಯ ಮೂಲಕ ಹರಿದರೂ ಮನುಷ್ಯನ ಪ್ರಾಣ ಹೋಗಬಹುದು. ಯಕಃಶ್ಚಿತ್ ಎಲ್‌ಇಡಿಗೂ ಒಂದು ಜೀವಕ್ಕೂ ನಡುವಿನ ವ್ಯತ್ಯಾಸ ಮೂರು-ನಾಲ್ಕು ಪಟ್ಟು, ಅಷ್ಟೇ. ನಿಮ್ಮ ಅಪ್ಪ-ಅಮ್ಮ ನಿಮ್ಮನ್ನು ಸಾಕಿದ್ದು ಬೋರ್ಡಿನ ಮೇಲೆ ಕಳೆದುಕೊಳ್ಳಲಿಕ್ಕಲ್ಲ. ಮನೆಯಲ್ಲಿ ಆರ್‌ಸಿಸಿಬಿ ಇದೆಯೇ ಎಂದು ಇವತ್ತೇ ಹೋಗಿ ನೋಡಿ. ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ, ಬೀಳುತ್ತದೆಯೇ ಪರೀಕ್ಷಿಸಿ. ಇಲ್ಲದಿದ್ದರೆ ಹಾಕಿಸಿ.

ಆಮೇಲೆ ಎರಡು ಬ್ಯಾಟರಿ, ಒಂದು ಪಿಸಿ 817 ತಂದು ಕೂರಿ. ಎಲ್‌ಇಡಿ ಹೊತ್ತಿಸಿ. ಬೀಪ್ ಬಾರದಿರುವುದನ್ನು ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಬೀದಿಯ ಇನ್ನೊಬ್ಬ ಹುಡುಗನಿಗೋ ಹುಡುಗಿಗೋ ನಮ್ಮ ಮಾತಿನಲ್ಲೇ ತಿಳಿಸಿ ಹೇಳಿ. ಹೇಳುವಾಗ ಎಲ್ಲಿ ತೊದಲುತ್ತೀರೋ ಅಲ್ಲಿ ನಿಮಗಿನ್ನೂ ಅರ್ಥವಾಗಿಲ್ಲ ಎಂದು ತಿಳಿಯಿರಿ, ಮತ್ತೆ ಮಾಡಿ ನೋಡಿ.

ಪ್ರಶ್ನೆ ಇದ್ದವರು ಸಂಕೋಚವಿಲ್ಲದೆ ಮುಂದೆ ಬನ್ನಿ. ಮೇಜಿನ ಮೇಲೆ ಸರ್ಕಿಟ್ ಇಟ್ಟಿದ್ದೇನೆ, ಮುಟ್ಟಿ ನೋಡಬಹುದು.